ಕಾಗದ ಆಳಿದ ರಾಜ್ಯ

ಕೇಳುಗರಿಗೆ ನಮಸ್ಕಾರ. ನೀವು ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಕೆಲಸ ಮಾಡುತ್ತಾ ಕೇಳುತ್ತಿರಬಹುದು, ಅದಕ್ಕೇ ಒಂದೇ ಮಾತು ಹೇಳುತ್ತೇನೆ. 16ನೇ ಶತಮಾನದ ಸ್ಪೇನ್ ದೊರೆಗಳು ಅಮೆರಿಕವನ್ನು ಗೆದ್ದದ್ದು ಕತ್ತಿಯಿಂದ, ಆಳಿದ್ದು ಕಾಗದದಿಂದ. ಫಿರಂಗಿ, ಕುದುರೆ ಅಂತ ಅದನ್ನೇ ಕೇಳಿ ಕೇಳಿ ನನಗೆ ಸಾಕಾಗಿದೆ. ಸ್ಪೇನಿನಿಂದ ದಕ್ಷಿಣ ಅಮೆರಿಕದ ಪೆರುವಿಗೆ ಪತ್ರ ಬರೆದು ಉತ್ತರ ಬರೋಕೆ ಎಷ್ಟೋ ಸಲ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ಅಷ್ಟು ದೂರವನ್ನು ದಂಡು ಕಳಿಸಿ ಕಳಿಸಿ ಆಳೋಕಾಗುತ್ತದಾ?

ಒಂದು ಕತೆ ಕೇಳಿ. 1542ರಲ್ಲಿ ಸ್ಪೇನ್ ದೊರೆ ಐದನೇ ಚಾರ್ಲ್ಸ್ ಹೊಸ ಕಾನೂನು ತಂದ. ಅಲ್ಲಿನ ಮೂಲನಿವಾಸಿಗಳನ್ನು ದುಡಿಸಿಕೊಂಡು ಮೆರೆಯುತ್ತಿದ್ದ ಸ್ಪೇನಿನವರಿಗೆ ಅದು ಕಡಿವಾಣ. ಪೆರುವಿನಲ್ಲಿ ಅಂಥವರ ಮುಂದಾಳಾಗಿ ಗೊಂಜಾಲೊ ಪಿಜಾರೊ ದಂಗೆ ಎದ್ದ. 1546ರಲ್ಲಿ ದೊರೆಯ ವೈಸರಾಯನೇ ದಂಗೆಕೋರರ ಕೈಯಲ್ಲಿ ಸತ್ತ. ಈ ದಂಗೆ ಅಡಗಿಸೋಕೆ ಸ್ಪೇನ್ ಕಳಿಸಿದ್ದು ಯಾರನ್ನು ಗೊತ್ತಾ? ಪೆದ್ರೊ ದೆ ಲಾ ಗಾಸ್ಕಾ ಅನ್ನುವ ಒಬ್ಬ ಪಾದ್ರಿಯನ್ನು! ಜೊತೆಗೆ ದಂಡು ಇಲ್ಲ. ಇದ್ದದ್ದು ದೊರೆ ರುಜು ಹಾಕಿ ಕೊಟ್ಟ ಖಾಲಿ ಹಾಳೆಗಳು. ಸ್ಪೇನ್ ದೊರೆ ಹೆಸರು ಬರೆಯುತ್ತಿರಲಿಲ್ಲ, 'ನಾನು, ದೊರೆ' ಅಂತ ರುಜು ಹಾಕುತ್ತಿದ್ದ, ಅಷ್ಟೇ. ಕೆಳಗೆ ಆ ರುಜು, ಮೇಲೆಲ್ಲಾ ಬಿಳಿ. ಕ್ಷಮಾದಾನವನ್ನಾದರೂ ಬರೆದುಕೋ, ಹುದ್ದೆಯನ್ನಾದರೂ ಬರೆದುಕೋ, ಅದು ದೊರೆಯ ಮಾತೇ. ಪನಾಮಾದಲ್ಲಿದ್ದ ಪಿಜಾರೊನ ಹಡಗುಪಡೆ ಮೊದಲು ಈ ಪಾದ್ರಿಯ ಕಡೆ ತಿರುಗಿತು. ಆಮೇಲೆ ಜನ ತಾವಾಗಿಯೇ ಬಂದು ಸೇರಿ ಅವನಿಗೊಂದು ಸೈನ್ಯವೇ ಆಯಿತು. 1548ರ ಏಪ್ರಿಲ್‌ನಲ್ಲಿ ಕುಸ್ಕೊ ಹತ್ತಿರ ಎರಡೂ ಕಡೆಯವರು ಎದುರಾದಾಗ ಯುದ್ಧವೇ ನಡೆಯಲಿಲ್ಲ ಅನ್ನಬೇಕು, ಪಿಜಾರೊನ ಸೈನಿಕರು ಗುಂಪು ಗುಂಪಾಗಿ ಪಾದ್ರಿಯ ಕಡೆಗೆ ನಡೆದುಬಿಟ್ಟರು. ಮರುದಿನ ಅವನ ತಲೆ ಹೋಯಿತು. ಇದನ್ನು ಮಾಡಿದ್ದು ಕಾಗದ ಅಲ್ವಾ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕದ ವ್ಯವಹಾರಕ್ಕೆ ಅಂತಲೇ 1524ರಿಂದ ಒಂದು ಮಂಡಳಿ ಇತ್ತು. ಅಧಿಕಾರದ ಅವಧಿ ಮುಗಿದವರು ವಿಚಾರಣೆ ಎದುರಿಸಬೇಕು, ಅವರ ಮೇಲೆ ಊರಿನವರೂ ದೂರು ಕೊಡಬಹುದು. ಆ ದೂರುಗಳೂ ಕಾಗದದಲ್ಲೇ.

ಇನ್ನು ಚಾರ್ಲ್ಸ್‌ನ ಮಗ ಎರಡನೇ ಫಿಲಿಪ್. 1580ರಲ್ಲಿ ಪೋರ್ಚುಗಲ್ ಕಿರೀಟವೂ ಅವನ ಪಾಲಾಗಿ, ಗೋವಾ ಜೊತೆಗೆ ನಮ್ಮ ಮಂಗಳೂರಿನ ಪೋರ್ಚುಗೀಸ್ ಕೋಟೆಗೂ ಅವನೇ ದೊರೆಯಾದ. ಅಷ್ಟು ದೊಡ್ಡ ದೊರೆ ದಿನವಿಡೀ ಮೇಜಿನ ಮುಂದೆ ಕೂತು, ಬಂದ ಪತ್ರಗಳ ಅಂಚಿನಲ್ಲಿ ತನ್ನ ಕೈಯಾರೆ ಟಿಪ್ಪಣಿ ಬರೆಯುತ್ತಿದ್ದ. ನಮಸ್ಕಾರ.