ನಾಲೆಗೆ ನೀರು ಬಿಟ್ಟರೆ ಬಾವಿಗೆ ಏನೇನು ಬರುತ್ತೆ?

ನಮಸ್ಕಾರ. ಮಂಡ್ಯದ ಕಡೆ ಯಾವ ರೈತರನ್ನಾದರೂ ಕೇಳಿ, ನಾಲೆಗೆ ನೀರು ಬಿಟ್ಟ ಸ್ವಲ್ಪ ದಿನಕ್ಕೆ ಬಾವಿ ನೀರು ಮೇಲೆ ಬರುತ್ತದೆ ಅಂತಾರೆ. ಬೋರೂ ಚೆನ್ನಾಗಿ ಹೊಡೆಯುತ್ತದೆ. ಇದನ್ನು ಹೇಳೋಕೆ ವಿಜ್ಞಾನಿ ಬರಬೇಕಾಗಿಲ್ಲ. 1930ರ ದಶಕದಲ್ಲಿ ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆ, ಅಂದರೆ ಆಗಿನ ಇರ್ವಿನ್ ನಾಲೆ ಹರಿಯಿತು. ರಾಗಿ ಹೊಲಗಳು ಗದ್ದೆಯಾದವು. ತಗ್ಗಿನಲ್ಲಿ ಜೌಗೂ ಹಿಡಿಯಿತು. ಕಾವೇರಿ ನಮ್ಮ ನೆಲದೊಳಗೆ ಇಳಿಯಲು ಶುರುವಾಗಿ ಹತ್ತಿರಹತ್ತಿರ ನೂರು ವರ್ಷ.

ಹಾಗಿದ್ದೂ ಅದೇ ರೈತರು, ನಮ್ಮಪ್ಪನನ್ನೇ ತಗೊಳ್ಳಿ, "ನಾಲೆ ನೀರು ಕುಡಿಯಬೇಡ, ಬೋರ್ ನೀರು ಕುಡಿ, ಅದು ಭೂಮ್ತಾಯಿ ನೀರು" ಅಂತಾರೆ. ನೀರು ಬಂದಿದ್ದನ್ನು ಒಪ್ಪುತ್ತಾರೆ, ಅದರ ಜೊತೆ ಬಂದಿದ್ದನ್ನು ಮಾತ್ರ ಒಪ್ಪುವುದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ಶ್ರೀರಂಗಪಟ್ಟಣದ ಹತ್ತಿರ ನಮ್ಮಜ್ಜಿ ಬೇಸಿಗೆಯಲ್ಲಿ ಹೊಳೆ ಮರಳಲ್ಲಿ ಒರತೆ ತೆಗೆಯುತ್ತಿದ್ದರು. ಎರಡು ಮಾರು ಆಚೆ, ಹರಿಯುವ ನೀರಲ್ಲಿ, ಎಮ್ಮೆ ಮಲಗಿರುತ್ತಿತ್ತು. ಒರತೆಯ ನೀರು ಮಾತ್ರ ತಿಳಿ. ಮೊದಲ ಎರಡು ಚೊಂಬು ಚೆಲ್ಲಿ, ಮೂರನೆಯದನ್ನು ಕೊಡಕ್ಕೆ ಹಾಕುತ್ತಿದ್ದರು. ಆ ಎರಡು ಮಾರು ಮರಳಲ್ಲಿ ನಡೆಯುತ್ತಿದ್ದ ಕೆಲಸ ಸಣ್ಣದಲ್ಲ. ನದಿ ನೀರೂ ನೆಲದ ನೀರೂ ಬೆರೆಯುವ ಜಾಗವೇ ಆ ಮರಳು, ಆ ಕೆಸರು. ಕಾಳುಗಳ ನಡುವೆ ತೂರಿ ಬರುವಾಗ ರಾಡಿ ನಿಂತುಹೋಗುತ್ತದೆ. ರೋಗ ತರುವ ಬ್ಯಾಕ್ಟೀರಿಯಾ ಬಹಳಷ್ಟು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಗಾಳಿಯಾಡದ ಕೆಸರಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇವೆ. ಅವು ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಅನ್ನೋ ಲವಣವನ್ನು ಒಡೆದು ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಕೂಲಿ ಕೇಳದ ಆಳುಗಳು! ಆದರೆ ಅವಕ್ಕೆ ಸಮಯ ಬೇಕು. ನೀರು ನಿಧಾನಕ್ಕೆ ಇಳಿಯಬೇಕು.

ನಾವು ಮಾಡಿದ್ದೇನು? ಮರಳನ್ನು ಲಾರಿಗೆ ತುಂಬಿದೆವು. ದಡದಲ್ಲಿ ಬೋರ್ ಕೊರೆಸಿ ಹಗಲೂ ರಾತ್ರಿ ಮೋಟಾರ್ ಓಡಿಸಿದೆವು. ಮೋಟಾರ್ ಎಳೆದಂತೆಲ್ಲ ಸುತ್ತಲಿನ ನೀರಿನ ಮಟ್ಟ ಕುಸಿಯುತ್ತದೆ. ನೆಲದಿಂದ ನದಿಗೆ ಹೋಗುತ್ತಿದ್ದ ನೀರು ತಿರುಗಿಬಿಟ್ಟು, ನದಿಯಿಂದ ಬೋರಿನ ಕಡೆ ಹೊರಡುತ್ತದೆ. ನಮ್ಮ ಕೆಳಗಿರುವುದು ಗಟ್ಟಿ ಕಲ್ಲು. ನೀರು ಓಡಾಡುವುದು ಅದರ ಬಿರುಕಲ್ಲಿ. ಬಿರುಕು ಮರಳಿನ ಹಾಗೆ ಸೋಸಲ್ಲ ಸ್ವಾಮಿ, ಅದು ಪೈಪ್ ಇದ್ದ ಹಾಗೆ. "ನಮ್ಮದು 400 ಅಡಿ" ಅಂತ ಬೀಗುವ ಮುಂಚೆ ಪಕ್ಕದಲ್ಲಿ ಶೌಚಾಲಯದ ಗುಂಡಿ ಎಷ್ಟು ದೂರದಲ್ಲಿದೆ, ಕೇಸಿಂಗ್, ಅಂದರೆ ಬೋರಿನ ಮೇಲ್ಭಾಗಕ್ಕೆ ಇಳಿಸುವ ಪೈಪ್, ಸರಿಯಾಗಿ ಕಲ್ಲಿಗೆ ಕೂತಿದೆಯಾ ಅಂತ ನೋಡಿ.

ಇನ್ನು ಉಲ್ಟಾ ದಾರಿ, ನಮ್ಮ ನೆಲದಿಂದ ನದಿಗೆ. ಇದರ ಬಗ್ಗೆ ನಮ್ಮ ಕಡೆ ಮಾತು ಕಡಿಮೆ, ಯಾಕಂದರೆ ಇಲ್ಲಿ ಕೈ ನಮ್ಮದೇ. 45 ಕೆಜಿ ಯೂರಿಯಾ ಮೂಟೆಯಲ್ಲಿ ಸಾರಜನಕ ಸುಮಾರು 20 ಕೆಜಿ. ಕಬ್ಬಿಗೆ ಎರಚಿ, ನೀರು ಕಟ್ಟುತ್ತೇವೆ. ಬೆಳೆ ಹೀರಿದ್ದು ಬಿಟ್ಟು ಮಿಕ್ಕಿದ್ದರಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ನೈಟ್ರೇಟ್ ಆಗಿ ಕೆಳಕ್ಕೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಬಸಿನೀರಾಗಿ ಹಳ್ಳಕ್ಕೆ, ಹಳ್ಳದಿಂದ ಲೋಕಪಾವನಿಗೋ ಶಿಂಷಾಕ್ಕೋ, ಅಲ್ಲಿಂದ ಕಾವೇರಿಗೆ. ಮಳೆಯಿಲ್ಲದ ದಿನಗಳಲ್ಲಿ ಗದ್ದೆ ಬಯಲಿನ ಹಳ್ಳದಲ್ಲಿ ಹರಿಯುವುದು ಬಹುಪಾಲು ಈ ಬಸಿನೀರೇ. ಮೇಲಿನ ಊರಿನ ಚರಂಡಿಯನ್ನು ಬೈಯುವುದು ಸುಲಭ. ಬೈಯಲೇಬೇಕು ಕೂಡ. ಆದರೆ ನಮ್ಮ ಕೆಳಗೂ ಊರುಗಳಿವೆ, ಅಲ್ವಾ?

ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಇದು ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿ. ತುಂಬಾ ಜಾಸ್ತಿಯಾದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. "ಕುದಿಸಿ ಕುಡಿಸ್ತೀವಿ ಬಿಡಿ" ಅಂತೀರಾ? ಕುದಿಸಿದಾಗ ಆವಿಯಾಗುವುದು ನೀರು. ನೈಟ್ರೇಟ್ ಪಾತ್ರೆಯಲ್ಲೇ ಕೂತಿರುತ್ತದೆ. ಲೀಟರ್ ಲೆಕ್ಕದಲ್ಲಿ ನೋಡಿದರೆ ಇನ್ನೂ ಏರಿರುತ್ತದೆ.

ನಮ್ಮೂರಿನ ಬೋರ್ ನೀರು ಒಂದೇ ಒಂದು ಸಲ ಪರೀಕ್ಷೆಗೆ ಹೋಗಿದೆ. ಕಡು ಬೇಸಿಗೆ, ನಾಲೆ ಒಣಗಿತ್ತು. ಬಂದವರು ಒಂದು ಬಾಟಲಿ ಹಿಡಿದುಕೊಂಡು ಹೋದರು. ನೀರು ಚೆನ್ನಾಗಿದೆ ಅಂತ ಕಾಗದ ಬಂತು. ಅದು ಇವತ್ತಿಗೂ ಗೋಡೆ ಮೇಲಿದೆ, ಪಕ್ಕದ ಕ್ಯಾಲೆಂಡರ್ ಮಾತ್ರ ಪ್ರತಿ ವರ್ಷ ಬದಲಾಗುತ್ತದೆ. ನಾಲೆ ಹರಿಯುವಾಗ ಒಮ್ಮೆ, ನಿಂತಾಗ ಒಮ್ಮೆ ನೋಡಬೇಕು. ಹೊಳೆ ನೀರನ್ನೂ ಅದೇ ವಾರ ನೋಡಬೇಕು. ನಾಲೆಗೊಂದು ಇಲಾಖೆ, ಅಂತರ್ಜಲಕ್ಕೊಂದು, ಮಾಲಿನ್ಯಕ್ಕೊಂದು ಮಂಡಳಿ. ಎಲ್ಲರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ಪಂಚಾಯಿತಿ ಬಾಗಿಲಿಗೆ ಅಂಟಿಸಿ ಅಂತ ಕೇಳುವುದು ಅತಿಯಾಸೆಯೇನಲ್ಲ.

ನಾನಂತೂ ಈ ವಾರ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕೊಟ್ಟು ಬಂದಿದ್ದೇನೆ. ಇನ್ನೊಂದನ್ನು ನಾಲೆಗೆ ನೀರು ಬಿಟ್ಟ ಇಪ್ಪತ್ತನೇ ದಿನ ಕೊಡುತ್ತೇನೆ. ಎರಡೂ ರಿಪೋರ್ಟ್ ಕೈಗೆ ಬಂದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಲ್ಲೇ ಓದುತ್ತೇನೆ.