ದಾನಪತ್ರ ರದ್ದುಪಡಿಸುವುದು ಯಾರ ಕೈಯಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಅವರನ್ನೂ ರೇಡಿಯೊ ಹತ್ತಿರ ಕೂರಿಸಿ. ಆಸ್ತಿಪತ್ರ ರದ್ದುಪಡಿಸುವುದು ಎಂದರೇನು, ಯಾರು ರದ್ದುಪಡಿಸಬಹುದು ಎಂದು ಹೇಳಲು ಬಂದಿದ್ದೇನೆ.

ಬರೆದುಕೊಟ್ಟವರು ಬೇಕೆಂದಾಗ ರದ್ದುಪಡಿಸಬಹುದು ಎಂದು ಬಹಳ ಜನ ನಂಬಿದ್ದಾರೆ. ಉಯಿಲಿಗೆ ಆ ಮಾತು ಸರಿ. ದಾನಪತ್ರಕ್ಕೆ ಸಲ್ಲುವುದಿಲ್ಲ. ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡರೆ ಆಸ್ತಿ ಅವರದಾಯಿತು. ಹಾಗಾಗಿ ನನ್ನದು ಒಂದೇ ಮಾತು: ‘ನನ್ನನ್ನು ಕೊನೆಯವರೆಗೂ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ.

ಕೆಲವು ವರ್ಷಗಳ ಹಿಂದೆ ಒಬ್ಬ ಯಜಮಾನರು ನನ್ನ ಕಚೇರಿಗೆ ಬಂದರು. ಮನೆಯನ್ನೂ ತೆಂಗಿನ ತೋಟವನ್ನೂ ಮಗನಿಗೆ ದಾನ ಬರೆದುಕೊಟ್ಟಿದ್ದರು. ಖಾತೆ ಬದಲಾಯಿತು, ಪಹಣಿಯಲ್ಲಿ ಮಗನ ಹೆಸರು ಬಂತು. ಆಮೇಲೆ ಮಾತ್ರೆಗೆ ದುಡ್ಡು ಕೇಳಿದರೂ ಜಗಳ. ಸಿಟ್ಟಿಗೆದ್ದು ಬಾಂಡ್ ರೈಟರ್ ಹತ್ತಿರ ರದ್ದತಿ ಪತ್ರ ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಯ್ದರು. ಮಗನೂ ಬಂದು ಸಹಿ ಹಾಕಬೇಕು ಎಂದು ಅಲ್ಲಿಂದ ವಾಪಸು ಕಳಿಸಿದರು. ‘ಕೊಟ್ಟೋನು ನಾನು ಸ್ವಾಮಿ, ನಾನು ಬೇಡ ಅಂದ್ರೆ ಮುಗೀತಲ್ವಾ?’ ಎಂದು ಕೇಳಿದರು. ಮೂಲಪತ್ರ ತರಿಸಿ ಎರಡೆರಡು ಸಲ ಓದಿದೆ. ‘ಪ್ರೀತಿ ವಿಶ್ವಾಸಗಳಿಂದ’ ಎಂದಿತ್ತು. ನೋಡಿಕೊಳ್ಳುವ ಮಾತು ಎಲ್ಲೂ ಇರಲಿಲ್ಲ.

ಇದ್ದಿದ್ದರೆ? ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ನೆರವಿಗೆ ಬರುತ್ತಿತ್ತು. ಷರತ್ತು ಮುರಿದರೆ ಆ ವರ್ಗಾವಣೆಯನ್ನೇ ಅಸಿಂಧು ಎಂದು ಘೋಷಿಸುವ ಅಧಿಕಾರ ನ್ಯಾಯಮಂಡಳಿಗಿದೆ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬೇಕು. ಷರತ್ತು ಇರಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆ ಯಜಮಾನರಿಗೆ ತಿಂಗಳು ತಿಂಗಳು ಜೀವನಾಂಶ ಕೊಡಿಸಲು ಸಾಧ್ಯವಾಯಿತು, ಅಷ್ಟೇ. ತೋಟ ಮಗನ ಹೆಸರಿನಲ್ಲೇ ಉಳಿಯಿತು. ಒಂದು ಸಾಲು ಬರೆಸಿದ್ದರೆ ಸಾಕಿತ್ತು!

ಷರತ್ತು ಹಾಕಿದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ ಎಂದು ಹಿಂಜರಿಯುತ್ತೀರಿ. ನೋಡಿಕೊಳ್ಳುವ ಮನಸ್ಸಿರುವ ಮಗನಿಗೆ, ಮಗಳಿಗೆ ಆ ಸಾಲಿನಿಂದ ಏನು ತೊಂದರೆ ಹೇಳಿ?

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೋಸದಿಂದಲೋ ಹೆದರಿಸಿಯೋ ದಾನಪತ್ರ ಬರೆಸಿಕೊಂಡಿದ್ದರೆ ಸಿವಿಲ್ ನ್ಯಾಯಾಲಯ ಅದನ್ನು ರದ್ದುಪಡಿಸುತ್ತದೆ. ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಉಯಿಲನ್ನು ಬುದ್ಧಿ ಸ್ವಾಧೀನದಲ್ಲಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹೊಸದಕ್ಕೂ 2 ಸಾಕ್ಷಿಗಳ ಸಹಿ ಬೇಕು. ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಟ್ಟ ಅಧಿಕಾರಪತ್ರ, ರದ್ದುಪಡಿಸಿದರೆ ಅದನ್ನು ಪಡೆದವರಿಗೆ ನೋಟಿಸ್ ಕಳಿಸಿ.

ದಾನಪತ್ರದ ಕರಡು ಕೈಗೆ ಬಂದಾಗ, ಕನ್ನಡಕ ಸಿಗಲಿಲ್ಲ ಎಂದು ಹಾಗೇ ಸಹಿ ಹಾಕಬೇಡಿ. ಪಕ್ಕದ ಮನೆಯವರಿಂದಲಾದರೂ ಜೋರಾಗಿ ಓದಿಸಿ ಕೇಳಿ. ನೋಡಿಕೊಳ್ಳುವ ಷರತ್ತು ಅದರಲ್ಲಿ ಇಲ್ಲದಿದ್ದರೆ ಸೇರಿಸಿಯೇ ಮುಂದುವರಿಯಿರಿ. ನಮಸ್ಕಾರ.