ಹೊಸ್ತಿಲನ್ನು ಮೀರಿದ ಬಚ್ಚಲ ನೆಲ

ತೆರೆಯ ಮೇಲೆ ಈಗ ನೀವು ನೋಡುತ್ತಿರುವುದು ಕೋಲಾರದ ಹಳೆಯ ಪೇಟೆಯಲ್ಲಿರುವ ನಮ್ಮ ಚಿಕ್ಕಪ್ಪನವರ ಮನೆಯ ಬಚ್ಚಲು. ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ, ಕೆಳಗೆ ನಿನ್ನೆಯವರೆಗೂ ಇದ್ದ ಕಡಪ ಕಲ್ಲಿನ ನೆಲ. ಮಗಳ ಮದುವೆ ಗೊತ್ತಾದ ಮೇಲೆ, ನೆಂಟರು ಬರುವಷ್ಟರಲ್ಲಿ ಹೊಸ ಟೈಲ್ಸ್ ಹಾಕಿಸಬೇಕೆಂದು ಮನೆಯವರೆಲ್ಲ ಒಪ್ಪಿದರು. ಮೇಸ್ತ್ರಿಯವರು ಬಿಡುವಾಗಿದ್ದರು, ಒಡೆಯುವ ಕೆಲಸ ಶುರುವಾಗಲಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಮಾತಿನೊಂದಿಗೆ ಸುತ್ತಿಗೆ ಬಿತ್ತು. ನಮ್ಮ ಕಡೆ ಮನೆ ರಿಪೇರಿ ಬಹುಪಾಲು ಹೀಗೆಯೇ ಆರಂಭವಾಗುತ್ತದೆ. ಹಣವೂ ಶ್ರಮವೂ ಹೆಚ್ಚಾಗಿ ಪೋಲಾಗುವುದು ಈ 'ಆಮೇಲೆ'ಯಲ್ಲಿಯೇ ಎಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಕೆಲಸವನ್ನು ಹತ್ತಿರದಿಂದ ಚಿತ್ರಿಸಿದ್ದೇನೆ.

ಮೇಸ್ತ್ರಿಯವರ ಕೈಯಲ್ಲಿರುವ ನೀರು ತುಂಬಿದ ಪಾರದರ್ಶಕ ಟ್ಯೂಬನ್ನು ಗಮನಿಸಿ. ಅದರ ಒಂದು ತುದಿಯನ್ನು ಹೊರಗೆ, ಮನೆಯ ನೀರು ಚರಂಡಿಗೆ ಸೇರುವ ಮುನ್ನ ಬಂದು ಬೀಳುವ ಗುಂಡಿಯಾದ ಚೇಂಬರಿನ ಬಳಿ ಹಿಡಿಸಿ, ಇನ್ನೊಂದನ್ನು ಬಚ್ಚಲ ಗೋಡೆಗೆ ಆನಿಸಿ, ನೀರಿನ ಅಲುಗಾಟ ನಿಲ್ಲುವವರೆಗೆ ಕಾದು, ಎರಡೂ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಎರಡೂ ಗೆರೆಗಳು ಒಂದೇ ಮಟ್ಟದಲ್ಲಿರುತ್ತವೆ, ಅಲ್ಲಿಂದ ಕೆಳಕ್ಕೆ ಅಳೆದರೆ ಯಾವ ಕಡೆ ಎಷ್ಟು ತಗ್ಗಿದೆ ಎಂಬುದು ತಿಳಿಯುತ್ತದೆ. ರಸ್ತೆ ಮತ್ತು ಚರಂಡಿಯನ್ನು ಪ್ರತಿ ಸಲ ಹೊಸದಾಗಿ ಮಾಡುವಾಗಲೂ ಮಟ್ಟ ಏರುತ್ತಾ ಬಂದು, ಚೇಂಬರನ್ನೂ ಏರಿಸಲಾಗಿದೆ. ಹಾಗಾಗಿ ನೀರು ಹೊರಹೋಗುವ ಪೈಪನ್ನು ಇನ್ನು ಒಂದಿಂಚೂ ಇಳಿಸಲಾಗದು. ಬಚ್ಚಲ ನೆಲಕ್ಕೆ ಅಡಿಗೆ ಕಾಲು ಇಂಚಿನಂತೆ ವಾಟ, ಅಂದರೆ ನೀರು ಹರಿಯಲು ಇಳಿಜಾರು, ಕೊಟ್ಟರೆ, ಆರಡಿ ಉದ್ದದ ಈ ಕೋಣೆಯಲ್ಲಿ ಬಾಗಿಲ ಬದಿಯ ನೆಲ ಪೈಪಿನ ಬಾಯಿಗಿಂತ ಒಂದೂವರೆ ಇಂಚು ಮೇಲಿರಬೇಕಾಗುತ್ತದೆ. ಅದರ ಜೊತೆಗೆ ಟೈಲ್ಸಿನ ಕೆಳಗೆ ಬರುವ ಕಾಂಕ್ರೀಟ್ ಹಾಸಿನ ಮತ್ತು ಟೈಲ್ಸಿನ ದಪ್ಪವೂ ಸೇರಿದಾಗ ನೆಲವು ಹೊಸ್ತಿಲನ್ನು ಮೀರಿ, ಸ್ನಾನದ ನೀರು ನಡುಮನೆಗೆ ಹರಿಯುತ್ತದೆ. ಕೊನೆಗೆ ಹೊಸ್ತಿಲಿನ ಮೇಲೆ ಗ್ರಾನೈಟ್ ಪಟ್ಟಿ ಕೂರಿಸಿ, ಬಾಗಿಲಿನ ಕೆಳಭಾಗವನ್ನು ಕೊಯ್ಯಬೇಕಾಯಿತು. ಈ ಅಳತೆಯನ್ನು ಕಡಪ ಕಲ್ಲು ಏಳುವ ಮೊದಲೇ ಅರ್ಧ ಗಂಟೆಯಲ್ಲಿ ಮುಗಿಸಬಹುದಾಗಿತ್ತು, ಬಡಗಿಯನ್ನು ತುರ್ತಾಗಿ ಹುಡುಕುವ ಪಾಡೂ ಬರುತ್ತಿರಲಿಲ್ಲ.

ಗೀಸರಿನ ವಿಷಯವೂ ಹೀಗೆಯೇ. 2000 ವಾಟ್‌ನ ಗೀಸರು ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟು, ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಗೋಡೆಗೆ ಟೈಲ್ಸ್ ಹತ್ತುವ ಮುನ್ನ ಇದು ನೆನಪಾದದ್ದು ಒಳ್ಳೆಯದಾಯಿತು.

ಇನ್ನು ನೀರು. ಸಿಮೆಂಟಿಗೆ ನೀರು ಕುಡಿಸಬೇಕೆಂಬುದು ಎಲ್ಲರಿಗೂ ತಿಳಿದ ಮಾತೇ. ಎಷ್ಟು ದಿನ ಎಂಬಲ್ಲಿ ಮಾತ್ರ ಅವಸರ ಗೆಲ್ಲುತ್ತದೆ. ಭಾರತೀಯ ಮಾನಕ ಬ್ಯೂರೋದ 2000ನೇ ಇಸವಿಯ ಐಎಸ್ 456 ಸಂಹಿತೆಯ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟು ಕನಿಷ್ಠ 7 ದಿನ ಒದ್ದೆಯಾಗಿರಬೇಕು. ಹಾರುಬೂದಿ ಬೆರೆತ ಸಿಮೆಂಟಾದರೆ, ಅಥವಾ ಹವೆ ಬಿಸಿಯಾಗಿ ಒಣಗಿದ್ದರೆ, ಕನಿಷ್ಠ 10 ದಿನ. ಇಲ್ಲಿ ಬಳಸಿದ್ದು ಹಾರುಬೂದಿಯ ಸಿಮೆಂಟು, ಮೇಲೆ ಕೋಲಾರದ ಬೇಸಿಗೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಈ ಜಿಲ್ಲೆಯಲ್ಲಿ ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ತರಿಸಿ, ಮನೆಮಂದಿಯ ಬಳಕೆಗೂ ಹಾಸಿಗೂ ಅದೇ ಸಂಪಿನಿಂದ ಹಂಚಬೇಕು. ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಸಿಮೆಂಟಿನ ಲೆಕ್ಕ ಬರೆದವರು ನೀರಿನ ಲೆಕ್ಕವನ್ನು ಬಿಟ್ಟರೆ, ಹಾಸನ್ನು ಒದ್ದೆಯಾಗಿಡಲು ಅದರ ಮೇಲೆ ಹೊದಿಸಿದ ಗೋಣಿಚೀಲ ಮೂರನೆಯ ದಿನಕ್ಕೇ ಒಣಗಿ, ಹಾಸು ಬಿರುಕು ಬಿಡುತ್ತದೆ. ಚಿಕ್ಕಮ್ಮನವರು ಅಕ್ಕಿ, ತರಕಾರಿ ತೊಳೆದ ನೀರನ್ನೂ ಬಕೆಟ್ಟಿನಲ್ಲಿ ಕೂಡಿಟ್ಟು ಗೋಣಿಯ ಮೇಲೆ ಸುರಿಯುತ್ತಿರುವುದನ್ನು ನೀವು ಇಲ್ಲಿ ನೋಡಬಹುದು. ಅವರ ಈ ಕಾಳಜಿಯಿಂದಲೇ ಹಾಸು ಗಟ್ಟಿಯಾಗಿ ಉಳಿದಿದೆ.

ಈಗ ಹಾಸಿನ ಮೇಲೆ ವಾಟರ್‌ಪ್ರೂಫ್ ಲೇಪನವಾಗಿದೆ. ಪೈಪಿನ ಬಾಯಿ ಮುಚ್ಚಿ, 24 ಗಂಟೆ ನೀರು ನಿಲ್ಲಿಸಿ, ಗೋಡೆಯ ಆಚೆ ಬದಿಯಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸ್ ಹಾಕಲಾಗುತ್ತದೆ.

ಮುಂದಿನ ಸರದಿ ಅಡುಗೆಮನೆಯದು. ಸಿಂಕು ಎಲ್ಲಿ, ಅದರ ನೀರು ಯಾವ ದಾರಿಯಲ್ಲಿ ಚೇಂಬರಿಗೆ ಸೇರುತ್ತದೆ, ಮಿಕ್ಸಿ ಮತ್ತು ಫ್ರಿಜ್ಜಿನ ಸಾಕೆಟ್ಟುಗಳು ಯಾವ ಗೋಡೆಯಲ್ಲಿ, ಮದುವೆಗೆ ಮೊದಲು ಒದ್ದೆಯಿಡಲು ದಿನಗಳು ಸಾಕೇ ಎಂಬುದನ್ನು ಚಿಕ್ಕಪ್ಪನವರು ಮೇಸ್ತ್ರಿಯವರೊಡನೆ ಕುಳಿತು ಬರೆಯುತ್ತಿದ್ದಾರೆ. ದಿನಗಳು ಸಾಲದಿದ್ದರೆ ಆ ಕೆಲಸವನ್ನು ಮದುವೆಯ ನಂತರಕ್ಕೆ ಇಟ್ಟುಕೊಳ್ಳುವುದೆಂದು ನಿರ್ಧಾರವಾಗಿದೆ.